ಗೀಸರ್ ಕೈಕೊಟ್ಟಾಗ: ರಿಪೇರಿ ಸಾಕಾ, ಹೊಸದೇ ಬೇಕಾ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಬೇಸಿಗೆ ಶುರುವಾದರೆ ದೀಪಾವಳಿವರೆಗೆ ಗೀಸರ್ ಯಾರಿಗೂ ನೆನಪಾಗುವುದಿಲ್ಲ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಹಾಗೆ ತಿಂಗಳುಗಟ್ಟಲೆ ಸುಮ್ನೆ ಗೋಡೆಗೆ ನೇತಾಡಿದ ಗೀಸರನ್ನು ಚಳಿ ಬಿದ್ದ ದಿನ ಆನ್ ಮಾಡುತ್ತೇವೆ. ಎಲ್ಲ ರೋಗಗಳೂ ಆಗಲೇ ಹೊರಬೀಳುತ್ತವೆ. ನೀರು ಕಾಯುವುದಿಲ್ಲ, ತಳದಿಂದ ತೊಟ್ಟಿಕ್ಕುತ್ತದೆ, ಇಲ್ಲವೇ ಎಂಸಿಬಿ (ತೊಂದರೆಯಾದಾಗ ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ.

ಬಂದ ಮೆಕ್ಯಾನಿಕ್ ಒಂದು ಸಲ ತಟ್ಟಿ ನೋಡಿ, "ಇದು ಮುಗೀತ್ರಿ ಅಕ್ಕಾರ, ಹೊಸಾದು ತಗೊಂಡ್ಬಿಡ್ರಿ" ಅಂದರೆ ನಂಬಬೇಕಾ? ಕೆಲವೊಮ್ಮೆ ಅವರ ಮಾತು ಸರಿ ಇರುತ್ತದೆ. ಆದರೆ ಇನ್ನೂ ಐದಾರು ವರ್ಷ ಬಾಳುವ ಗೀಸರ್‌ಗಳು ಒಂದು ಥರ್ಮೋಸ್ಟಾಟ್ ಕೆಟ್ಟದ್ದಕ್ಕೇ ಗುಜರಿ ಸೇರುವುದನ್ನು ನಾನು ನೋಡಿದ್ದೇನೆ, ಅದು ನನಗೆ ನಿಜವಾಗಿ ಬೇಜಾರಿನ ವಿಷಯ.

ಗೀಸರಿನ ಹೊಟ್ಟೆಯಲ್ಲಿ ಇರುವುದು ಒಂದು ಟ್ಯಾಂಕ್. ಅದರೊಳಗೆ ನೀರು ಕಾಯಿಸುವ ಕಾಯಿಲ್. ಬಿಸಿ ಸಾಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್. ಅದು ಕೈಕೊಟ್ಟರೆ ಕಾಪಾಡುವ ಕಟ್‌ಔಟ್. ತುಕ್ಕು ತಡೆಯಲು ಒಂದು ಮೆಗ್ನೀಸಿಯಂ ರಾಡ್. ಕೆಳಗೆ ಒಂದು ಸೇಫ್ಟಿ ವಾಲ್ವ್. ಟ್ಯಾಂಕ್ ಬಿಟ್ಟು ಉಳಿದದ್ದೆಲ್ಲ ಬಿಡಿಭಾಗವಾಗಿ ಸಿಗುತ್ತದೆ. ಆದ್ದರಿಂದ ನನ್ನ ಲೆಕ್ಕ ಸರಳ. ಟ್ಯಾಂಕ್ ತೂತಾಗಿದ್ದರೆ ಗೀಸರ್ ಬದಲಿಸಿ. ಟ್ಯಾಂಕ್ ಗಟ್ಟಿ ಇದ್ದರೆ ರಿಪೇರಿ ಮಾಡಿಸಿ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಗೀಸರಿನ ಎಂಸಿಬಿ ಇಳಿಸಿ. ಹಳೆ ಮನೆಗಳಲ್ಲಿ ಸ್ವಿಚ್ ಕರೆಂಟ್ ಬರುವ ಫೇಸ್ ವೈರಿನ ಬದಲು ನ್ಯೂಟ್ರಲ್ ವೈರಿಗೆ ಬಿದ್ದಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಗೀಸರಿನೊಳಗೆ ಕರೆಂಟ್ ಇರುತ್ತದೆ. ಒದ್ದೆ ಕೈ, ಬರಿಗಾಲು ಬೇಡ. ಟ್ಯಾಂಕಿನ ನೀರು ಆರುವವರೆಗೆ ಯಾವ ಜಾಯಿಂಟನ್ನೂ ಸಡಿಲಿಸಬೇಡಿ, 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ವಾರಂಟಿ ಕಾರ್ಡನ್ನೂ ಹುಡುಕಿ ಇಟ್ಟುಕೊಳ್ಳಿ. ಬಹಳಷ್ಟು ಕಂಪನಿಗಳು ಇಡೀ ಗೀಸರಿಗೆ ಒಂದು ಅವಧಿ, ಟ್ಯಾಂಕಿಗೆ ಅದಕ್ಕಿಂತ ಉದ್ದದ ಅವಧಿ ಕೊಡುತ್ತವೆ. ಟ್ಯಾಂಕಿಗೆ ಐದು, ಏಳು ವರ್ಷ ಇರುವುದು ಸಾಮಾನ್ಯ. ಹೊರಗಿನವರ ಕೈಯಲ್ಲಿ ಬಿಚ್ಚಿಸಿದರೆ ಆ ಹಕ್ಕು ಹೋಗಬಹುದು.

ನೀರು ಕಾಯುತ್ತಿಲ್ಲ, ದೀಪವೂ ಹತ್ತುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು. ಎಂಸಿಬಿ ಮೇಲಿದೆಯಾ? ಅದೇ 16 ಆಂಪ್ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆಯನ್ನೋ ಬೇರೆ ಏನನ್ನೋ ಹಚ್ಚಿ ನೋಡಿ. ಅದೂ ನಡೆಯದಿದ್ದರೆ ತಪ್ಪು ಗೀಸರಿನದಲ್ಲ, ವೈರಿಂಗಿನದು.

ಪ್ಲಗ್ ಕಿತ್ತು ಅದರ ಪಿನ್ ನೋಡಿ. ಕಪ್ಪಗಾಗಿದೆಯಾ? ಸುತ್ತಲಿನ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದೆಯಾ? 2000 ವ್ಯಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಸಾಕೆಟ್ಟಿನ ಹಿಡಿತ ಸಡಿಲವಾದರೆ ಅಲ್ಲೇ ಬಿಸಿಯಾಗಿ ಸುಡುತ್ತದೆ. ಇದಕ್ಕೆ ಬೇಕಾದದ್ದು ಒಳ್ಳೆಯ ಸಾಕೆಟ್, ಪ್ಲಗ್ ಮಾತ್ರ. ಸುಟ್ಟ ಪಿನ್ನನ್ನು ಉಜ್ಜಿ ಮತ್ತೆ ಹಾಕಬೇಡಿ, ಎರಡನ್ನೂ ಬದಲಿಸಿ.

ಸಾಕೆಟ್ಟಿನಲ್ಲಿ ಕರೆಂಟ್ ಇದ್ದೂ ದೀಪ ಹತ್ತದಿದ್ದರೆ ಕಟ್‌ಔಟ್ ಬಿದ್ದಿರಬಹುದು. ಗೀಸರಿನ ತಳದ ಮುಚ್ಚಳದ ಒಳಗೆ ಒಂದು ಸಣ್ಣ ಗುಂಡಿ ಇರುತ್ತದೆ. ನೀರು ಮಿತಿ ಮೀರಿ ಕಾದಾಗ ಅದು ಹೊರಗೆ ಚಿಮ್ಮಿ ಕರೆಂಟ್ ಕಡಿಯುತ್ತದೆ. ಅದನ್ನು ಒತ್ತಿದರೆ ಗೀಸರ್ ಮತ್ತೆ ನಡೆಯುತ್ತದೆ. ಆದರೆ ಎರಡನೇ ಸಲವೂ ಬಿದ್ದರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿಲ್ಲ ಎಂದು ಆ ಗುಂಡಿ ಹೇಳುತ್ತಿದೆ. ಥರ್ಮೋಸ್ಟಾಟ್ ಬದಲಿಸುವುದು ಅಗ್ಗದ ಕೆಲಸ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕೆಲವರು ಥರ್ಮೋಸ್ಟಾಟ್ ತೆಗೆದು ವೈರನ್ನು ನೇರ ಕಾಯಿಲಿಗೆ ಕೊಟ್ಟು "ಡೈರೆಕ್ಟ್ ಮಾಡೀನ್ರಿ, ಇನ್ನ ಚಿಂತಿಲ್ಲ" ಅಂತ ಹೋಗಿಬಿಡುತ್ತಾರೆ. ಹಾಗೆ ಮಾಡಲು ಬಿಡಲೇಬೇಡಿ. ಮರೆತು ಅರ್ಧ ತಾಸು ಹೆಚ್ಚಿಗೆ ಬಿಟ್ಟರೆ ನೀರು ಕುದಿಯುತ್ತದೆ, ಒತ್ತಡ ಏರುತ್ತದೆ, ಟ್ಯಾಂಕ್ ಸಿಡಿಯಬಹುದು.

ದೀಪ ಹತ್ತುತ್ತದೆ, ನೀರು ಮಾತ್ರ ತಣ್ಣಗೆ

ಕಾಯುತ್ತಿರುವಾಗ ಹತ್ತುವ ದೀಪ ಅರ್ಧ ತಾಸು ಕಳೆದರೂ ಆರಲಿಲ್ಲ, ನೀರೂ ಕಾಯಲಿಲ್ಲ ಅಂದರೆ ಸಾಮಾನ್ಯವಾಗಿ ಕಾಯಿಲ್ ಸುಟ್ಟಿದೆ ಎಂದೇ ಅರ್ಥ. ಎಲೆಕ್ಟ್ರಿಷಿಯನ್ ಬಳಿ ಮಲ್ಟಿಮೀಟರ್ ಇರುತ್ತದೆ. ಎಂಸಿಬಿ ಇಳಿಸಿ, ಕಾಯಿಲಿನ ವೈರ್ ಬಿಚ್ಚಿ, ಎರಡು ತುದಿಗೆ ಹಚ್ಚಿದರೆ 2000 ವ್ಯಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. 3000 ವ್ಯಾಟಿನದಾದರೆ 17, 18 ಓಮ್. ಮೀಟರ್ ಏನೂ ತೋರದಿದ್ದರೆ ಕಾಯಿಲ್ ಹೋಗಿದೆ. ಅಳೆಯುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ. ಇದರಲ್ಲಿ ಸಂಕೋಚ ಬೇಡ, ದುಡ್ಡು ನಿಮ್ಮದು.

ಕಾಯಿಲ್ ಯಾಕೆ ಸುಟ್ಟಿತು ಅನ್ನುವುದನ್ನು ತಿಳಿಯದೆ ಹೊಸದು ಹಾಕಿಸಿದರೆ ಅದೂ ಸುಡುತ್ತದೆ. ನಮ್ಮ ಕಡೆ ಕಾರಣ ಎರಡೇ.

ಮೊದಲನೆಯದು ನೀರಿಲ್ಲದೆ ಆನ್ ಮಾಡಿದ್ದು. ನಲ್ಲಿ ನೀರು ದಿನಾ ಬರುವುದಿಲ್ಲ, ಮಾಳಿಗೆ ಟ್ಯಾಂಕ್ ಖಾಲಿಯಾದದ್ದು ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ವಾಲ್ವ್ ಮುಚ್ಚಿಟ್ಟವರು ಚಳಿಗಾಲಕ್ಕೆ ತೆರೆಯಲು ಮರೆಯುತ್ತಾರೆ. ನೀರು ಮುಟ್ಟದ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಡಬಹುದು. ಆದ್ದರಿಂದ ಬಹಳ ದಿನ ನಿಲ್ಲಿಸಿಟ್ಟ ಗೀಸರಾದರೆ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ. ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಬರತೊಡಗಿದ ಮೇಲೆ ಸ್ವಿಚ್ ಹಾಕಿ.

ಎರಡನೆಯದು ಸವಳು ನೀರು, ಅಂದರೆ ಸುಣ್ಣ ಕಟ್ಟುವ ಗಡಸು ನೀರು. ಊರೊಳಗೆ ತುಂಗಭದ್ರೆಯ ಇಲ್ಲವೇ ಕೃಷ್ಣೆಯ ನೀರು ಬರುವ ಮನೆಗಳಲ್ಲಿ ಕಾಟ ಕಡಿಮೆ. ಕುಷ್ಟಗಿ, ಯಲಬುರ್ಗಾ, ಮಸ್ಕಿ, ಲಿಂಗಸೂಗೂರು ಕಡೆ ಬೋರ್ ನೀರೇ ಗತಿ ಇರುವ ಮನೆಗಳಲ್ಲಿ ಜಾಸ್ತಿ. ನಿಮ್ಮ ನೀರು ಎಂಥದ್ದು ಎಂದು ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ, ಅಡುಗೆ ಮನೆಯಲ್ಲೇ ಗೊತ್ತಾಗುತ್ತದೆ. ತೊಗರಿ ಬೇಳೆ ಎಷ್ಟು ಹೊತ್ತು ಇಟ್ಟರೂ ಬೇಯುವುದಿಲ್ಲ. ಸೋಪು ನೊರೆ ಬರುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇನ್ನೂ ಖಚಿತ ಬೇಕೆಂದರೆ ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಅಡ್ಡಿಯಿಲ್ಲ. 600ರ ಹತ್ತಿರ ಇದ್ದರೆ ಗೀಸರಿಗೆ ವರ್ಷಕ್ಕೊಮ್ಮೆ ಸರ್ವಿಸ್ (ಬಿಚ್ಚಿ ಸುಣ್ಣ ತೆಗೆಯುವುದು) ಮಾಡಿಸದೆ ಉಳಿಗಾಲವಿಲ್ಲ.

ಅಂಥ ಮನೆಯ ಕಾಯಿಲನ್ನು ಹೊರತೆಗೆದಾಗ ಒಮ್ಮೆ ನೋಡಬೇಕು. ತಾಮ್ರದ ಬಣ್ಣ ಎಲ್ಲೂ ಕಾಣುವುದಿಲ್ಲ. ಬೆರಳು ಗಾತ್ರದ ಕೊಳವೆ ಮುಂಗೈ ಗಾತ್ರಕ್ಕೆ ಊದಿರುತ್ತದೆ, ಬೂದು ಬಿಳಿ ಸುಣ್ಣ ಪದರ ಪದರವಾಗಿ ಅಂಟಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಾಯಿಲ್ ಕಳಚಿದ ತೂತಿನಿಂದ ಮತ್ತೆ ಒಂದೆರಡು ಬೊಗಸೆ ಬೀಳುತ್ತದೆ. ಕಾಯಿಲಿನ ಶಾಖ ಆ ಸುಣ್ಣ ದಾಟಿ ನೀರಿಗೆ ಹೋಗಬೇಕು. ದಾಟುವಷ್ಟರಲ್ಲಿ ಕಾಯಿಲ್ ತಾನೇ ವಿಪರೀತ ಕಾದು ಸೀಳುತ್ತದೆ.

ಸುಣ್ಣ ಕಟ್ಟಿದ್ದರೂ ಕಾಯಿಲ್ ಇನ್ನೂ ಸುಟ್ಟಿಲ್ಲ ಅಂದರೆ ಅದನ್ನು ಉಳಿಸಬಹುದು. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಕಾಯಿಲಿನ ಉದ್ದನೆಯ ಭಾಗ ಮಾತ್ರ ಮುಳುಗುವಂತೆ ರಾತ್ರಿಯಿಡೀ ಇಡಿ, ವೈರ್ ಜೋಡಿಸುವ ತುದಿ ಒದ್ದೆಯಾಗಬಾರದು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಹೊಗೆ ಎದೆಗೆ ಹೋಗುತ್ತದೆ.

ಕಾಯುತ್ತದೆ, ಆದರೆ ಮೊದಲಿನಂತಿಲ್ಲ

ಇದು ಜನ ಬಹಳ ಎಡವುವ ಜಾಗ. "ಹಳೇದಾಯ್ತು, ಶಕ್ತಿ ಹೋಗಿದೆ" ಅನ್ನುತ್ತಾರೆ. ಕಾಯಿಲಿಗೆ ಮುಪ್ಪು ಬಂದು ಮೆಲ್ಲಗೆ ಕಾಯಿಸುವುದು ಅಂತ ಇಲ್ಲ. ಇರುವಷ್ಟು ದಿನ ಪೂರ್ತಿ ಕಾಯಿಸುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಮೆಲ್ಲಗೆ ಕಾಯುತ್ತಿದ್ದರೆ ಕಾರಣ ಬೇರೆ ಕಡೆ ಹುಡುಕಿ.

15 ಲೀಟರಿನ, 2000 ವ್ಯಾಟಿನ ಗೀಸರ್ 25 ಡಿಗ್ರಿ ನೀರನ್ನು 60 ಡಿಗ್ರಿಗೆ ತರಲು 18, 20 ನಿಮಿಷ ಸಾಕು. 25 ಲೀಟರಿನದಾದರೆ ಅರ್ಧ ತಾಸು. ಗಡಿಯಾರ ಹಿಡಿದು ನೋಡಿ. ಇದಕ್ಕಿಂತ ಬಹಳ ಹೊತ್ತು ಬೇಕಾದರೆ ವೋಲ್ಟೇಜ್ ಅಳೆಸಿ. ಹಳ್ಳಿಗಳಲ್ಲಿ, ಲೈನಿನ ತುದಿಯ ಬಡಾವಣೆಗಳಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಗೀಸರ್, ಮೋಟರ್ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. 230 ಇರಬೇಕಾದದ್ದು 180ಕ್ಕೆ ಇಳಿದರೆ 2000 ವ್ಯಾಟಿನ ಕಾಯಿಲ್ ಬರೀ 1225 ವ್ಯಾಟ್ ಕೆಲಸ ಮಾಡುತ್ತದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಅರ್ಧ ತಾಸು ಹಿಡಿಯುತ್ತದೆ. ಹೊಸ ಗೀಸರ್ ತಂದರೂ ಇದೇ ಕಥೆ. ಅಕ್ಕಪಕ್ಕದ ಮನೆಯವರನ್ನೂ ಕೇಳಿ, ಅವರಿಗೂ ಹಾಗೇ ಇದ್ದರೆ ಎಲ್ಲರೂ ಸೇರಿ ಜೆಸ್ಕಾಂಗೆ ದೂರು ಕೊಡಿ.

ಸಮಯ ಸರಿಯಿದೆ, ದೀಪ ಆರುತ್ತದೆ, ಆದರೆ ಒಂದು ಬಕೆಟ್ ಆಗುವಷ್ಟರಲ್ಲಿ ತಣ್ಣೀರು ಬರುತ್ತದೆ ಅಂದರೆ ಹೀಗೆ ಮಾಡಿ. ಎಂಸಿಬಿ ಇಳಿಸಿ, ಗೀಸರಿಗೆ ನೀರು ಹೋಗುವ ವಾಲ್ವ್ ಪೂರ್ತಿ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಎಲ್ಲೋ ಒಂದು ಮಿಕ್ಸರ್ ನಲ್ಲಿಯ ಒಳಗೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಪ್ಲಂಬರ್ ಆ ಮಿಕ್ಸರಿನ ಒಳಭಾಗ ಬದಲಿಸಿದರೆ ಮುಗಿಯಿತು. ಗೀಸರ್ ಮುಟ್ಟುವುದೇ ಬೇಡ. ಈ ಪರೀಕ್ಷೆ ಎಷ್ಟೋ ಮನೆಗಳ ದುಡ್ಡು ಉಳಿಸುತ್ತದೆ, ದಯವಿಟ್ಟು ಬಿಡಬೇಡಿ.

ನೀರು ನಿಂತಿತು ಅಂದರೆ ಟ್ಯಾಂಕಿನ ತಳದಲ್ಲಿ ಸುಣ್ಣ ತುಂಬಿ ನೀರಿಗೆ ಜಾಗ ಕಡಿಮೆಯಾಗಿರಬಹುದು. ಥರ್ಮೋಸ್ಟಾಟ್ ಕೂರುವ ಕೊಳವೆ ಸುಣ್ಣದಲ್ಲಿ ಹೂತು ಬೇಗ ಕಡಿಯುತ್ತಿರಬಹುದು. ಒಳಗೆ ತಣ್ಣೀರು ಬಿಡುವ ಸಣ್ಣ ಕೊಳವೆ ಮುರಿದಿರಬಹುದು. ಇವುಗಳಲ್ಲಿ ಯಾವುದೇ ಆದರೂ ಸರ್ವಿಸ್ ಮಾಡಿಸಿದರೆ ಸರಿಹೋಗುತ್ತದೆ.

ಬಿಸಿನೀರು ಸಣ್ಣಗೆ ಬರುತ್ತಿದ್ದರೆ ಶವರಿನ ತೂತು, ನಲ್ಲಿಯ ಜಾಲರಿ, ಗೀಸರಿಗೆ ಹೋಗುವ ಬಳುಕು ಪೈಪ್, ಈ ಕ್ರಮದಲ್ಲಿ ಬಿಚ್ಚಿ ನೋಡಿ. ಸುಣ್ಣದ ಹರಳು ಸಿಕ್ಕಿರುತ್ತದೆ.

ಚಟಪಟ, ಗೊರಗೊರ ಸದ್ದು

ಸುಣ್ಣದ ಪದರದ ಅಡಿಯಲ್ಲಿ ಸಿಕ್ಕ ನೀರು ಕುದಿದು ಸಿಡಿಯುವ ಸದ್ದು ಇದು. ಸರ್ವಿಸ್ ಮಾಡಿಸಲು ಇದೇ ಸರಿಯಾದ ಹೊತ್ತು. ಈ ಸದ್ದನ್ನು ಎರಡು ಚಳಿಗಾಲ ಕಡೆಗಣಿಸಿದವರೇ ಆಮೇಲೆ ಕಾಯಿಲಿಗೆ ದುಡ್ಡು ಕೊಡುತ್ತಾರೆ. ಥರ್ಮೋಸ್ಟಾಟನ್ನು 75ಕ್ಕೆ ಇಟ್ಟಿದ್ದರೆ 55ಕ್ಕೆ ಇಳಿಸಿ. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ನಮ್ಮ ಚಳಿಗೆ 55 ಧಾರಾಳ.

ತೊಟ್ಟಿಕ್ಕುತ್ತಿದೆ

ರಿಪೇರಿಯಾ ಬದಲಾಯಿಸಬೇಕಾ ಎನ್ನುವುದು ನಿಜವಾಗಿ ತೀರ್ಮಾನ ಆಗುವುದು ಇಲ್ಲಿ. ಅದಕ್ಕೇ ಅವಸರ ಬೇಡ. ನೀರು ತಳದಿಂದ ಬಿದ್ದ ಮಾತ್ರಕ್ಕೆ ಟ್ಯಾಂಕ್ ತೂತಾಯಿತು ಅಂತಲ್ಲ. ಎಲ್ಲಿ ಸೋರಿದರೂ ನೀರು ಹರಿದು ತಳಕ್ಕೇ ಬರುತ್ತದೆ.

ಎಂಸಿಬಿ ಇಳಿಸಿ. ಒಣ ಬಟ್ಟೆಯಿಂದ ಪೈಪ್, ಜಾಯಿಂಟ್, ತಳ ಎಲ್ಲ ಚೆನ್ನಾಗಿ ಒರೆಸಿ. ಪ್ರತಿ ಜಾಯಿಂಟಿಗೂ ಒಂದೊಂದು ತುಂಡು ಹಳೇ ಪೇಪರ್ ಸುತ್ತಿ, ಒಂದು ತಾಸು ಬಿಟ್ಟು ಬಂದು ನೋಡಿ. ಯಾವ ತುಂಡು ಮೊದಲು ಒದ್ದೆಯಾಗಿದೆಯೋ ಸೋರಿಕೆ ಅಲ್ಲಿದೆ.

ಪೈಪ್ ಜಾಯಿಂಟಿನ ಪೇಪರ್ ಒದ್ದೆಯಾಗಿದ್ದರೆ ವಾಷರ್, ಟೇಪ್ ಬದಲಿಸಿದರೆ ಆಯಿತು.

ಸೇಫ್ಟಿ ವಾಲ್ವಿನಿಂದ, ಅದೂ ಗೀಸರ್ ಕಾಯುವಾಗ ಮಾತ್ರ ಹನಿಯುತ್ತಿದ್ದರೆ ಅದು ದೋಷವೇ ಅಲ್ಲ. ಕಾದ ನೀರು ಹಿಗ್ಗುತ್ತದೆ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಬರುವಾಗ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ ನೀರು ಹೆಚ್ಚಾಗುತ್ತದೆ. ಅದು ಹೊರಹೋಗಲು ಇರುವ ದಾರಿ ಆ ವಾಲ್ವ್. ಹನಿ ಬೀಳುತ್ತದೆ ಅಂತ ಆ ತೂತಿಗೆ ಎಂಸೀಲ್ ಮೆತ್ತಿದ ಮನೆಗಳಿವೆ. ಇದಕ್ಕಿಂತ ಅಪಾಯದ ಕೆಲಸ ಗೀಸರಿಗೆ ಇನ್ನೊಂದಿಲ್ಲ. ಬೇಕಾದರೆ ಆ ತೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ಬಚ್ಚಲ ಮೋರಿಗೆ ಬಿಡಿ, ಪೈಪಿನ ಬಾಯಿ ತೆರೆದೇ ಇರಲಿ. ಗೀಸರ್ ಆಫ್ ಇದ್ದಾಗಲೂ ಹಗಲು ರಾತ್ರಿ ಹನಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಿ. ಪ್ರೆಶರ್ ಪಂಪ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಪಂಪಿನ ಒತ್ತಡವನ್ನೂ ನೋಡಿಸಿ. ಬರೀ ಮಾಳಿಗೆ ಟ್ಯಾಂಕಿನ ಮನೆಗಳಲ್ಲಿ ಒತ್ತಡದ ಭಯವಿಲ್ಲ. ಟ್ಯಾಂಕ್ ಹತ್ತು ಮೀಟರ್ ಮೇಲಿದ್ದರೂ ಒತ್ತಡ ಸುಮಾರು 1 ಬಾರ್ ಅಷ್ಟೇ, ಗೀಸರ್‌ಗಳು 8 ಬಾರ್‌ವರೆಗೆ ತಡೆಯುವಂಥವು.

ಎಲ್ಲ ಪೇಪರೂ ಒಣಗಿಯೇ ಇದ್ದು, ತಳದ ಮುಚ್ಚಳದಿಂದ ಅಥವಾ ವೈರ್ ಹೊರಬರುವ ತೂತಿನಿಂದ ನೀರು ಬರುತ್ತಿದ್ದರೆ ಗೀಸರನ್ನು ಮತ್ತೆ ಆನ್ ಮಾಡಬೇಡಿ. ಒಳಗೆ ಕರೆಂಟಿನ ಜೋಡಣೆಗಳ ಮೇಲೇ ನೀರು ಬೀಳುತ್ತಿದೆ. ಮೆಕ್ಯಾನಿಕ್ ಕರೆಸಿ, ಮುಚ್ಚಳ ಬಿಚ್ಚಿಸಿ, "ನೀರು ಎಲ್ಲಿಂದ ಬರ್ತದ ತೋರಿಸ್ರಿ ಅಣ್ಣಾ" ಅನ್ನಿ. ಕಾಯಿಲ್ ಕೂರುವ ತಟ್ಟೆಯ ಸುತ್ತ ಹನಿ ಇದ್ದರೆ ರಬ್ಬರ್ ಗ್ಯಾಸ್ಕೆಟ್ ಹೋಗಿದೆ. ಇದು ಬಹಳ ಅಗ್ಗದ ಸಾಮಾನು. ಕಾಯಿಲ್ ತೆಗೆದಾಗಲೆಲ್ಲ ಹೊಸದು ಹಾಕಿಸಬೇಕು, ಹಳೆಯದನ್ನೇ ಮತ್ತೆ ಒತ್ತಿ ಕೂರಿಸಿದರೆ ಸೋರುತ್ತದೆ.

ಗ್ಯಾಸ್ಕೆಟ್ ಸುತ್ತ ಒಣಗಿದೆ, ಮೇಲಿನ ಬಿಳಿ ಅಥವಾ ಹಳದಿ ಫೋಮ್ ಒದ್ದೆಯಾಗಿ ಅಲ್ಲಿಂದ ಇಳಿಯುತ್ತಿದೆ ಅಂದರೆ ಟ್ಯಾಂಕ್ ತೂತಾಗಿದೆ. ಇಲ್ಲಿಗೆ ನಿಲ್ಲಿಸಿ. ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ಬೆಸೆದ ಶಾಖಕ್ಕೆ ಒಳಗಿನ ಗಾಜಿನ ಲೇಪ ಸುತ್ತಲೂ ಒಡೆಯುತ್ತದೆ, ಕೆಲವೇ ದಿನಕ್ಕೆ ಪಕ್ಕದಲ್ಲಿ ತೂತು ಬೀಳುತ್ತದೆ. ವಾರಂಟಿ ಇದ್ದರೆ ಕಂಪನಿಗೆ ಫೋನ್ ಮಾಡಿ, ಇಲ್ಲದಿದ್ದರೆ ಹೊಸದು ತನ್ನಿ.

ನೀರು ಕೆಂಪಗೆ, ಅಥವಾ ಕೆಟ್ಟ ವಾಸನೆ

ತಣ್ಣೀರಿನ ನಲ್ಲಿಯಲ್ಲೂ ಕೆಂಪು ಇದೆಯಾ ನೋಡಿ. ಅಲ್ಲೂ ಇದ್ದರೆ ಬೋರಿನ ನೀರಿನ ಕಬ್ಬಿಣ ಅಥವಾ ಹಳೇ ಪೈಪಿನ ತುಕ್ಕು. ಬಿಸಿನೀರಿನಲ್ಲಿ ಮಾತ್ರ ಕೆಂಪು ಬರುತ್ತಿದ್ದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತಿದೆ. ಇನ್ನೂ ಸೋರದಿದ್ದರೆ ಮೆಗ್ನೀಸಿಯಂ ರಾಡ್ ತೆಗೆಸಿ ನೋಡಿ. ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ. ಹೊಸದು ಬೆರಳು ದಪ್ಪ ಇರುತ್ತದೆ. ನಡುವಿನ ತಂತಿ ಮಾತ್ರ ಉಳಿದಿದ್ದರೆ ಅದರ ಕೆಲಸ ಮುಗಿದು, ಸವೆಯುವ ಪಾಳಿ ಟ್ಯಾಂಕಿಗೆ ಬಂದಿದೆ ಎಂದು ಅರ್ಥ. ಸವಳು ನೀರಿನಲ್ಲಿ ಇದನ್ನು ವರ್ಷ, ಎರಡು ವರ್ಷಕ್ಕೆ ಬದಲಿಸಬೇಕು. ಗೀಸರಿನ ಆಯುಷ್ಯ ಹೆಚ್ಚಿಸುವ ಸಾಮಾನು ಇದೊಂದೇ, ಆದರೆ ಬಹಳ ಮನೆಗಳಲ್ಲಿ ಇದು ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಬಹಳ ದಿನ ನೀರು ನಿಂತ ಗೀಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರಬಹುದು. ನಿಂತ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಾರಣ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ, ಒಮ್ಮೆ 65ರವರೆಗೆ ಕಾಯಿಸಿ ಚೆಲ್ಲಿ. ಬೇಸಿಗೆಗೆ ಮುಂಚೆ ಎಂಸಿಬಿ ಇಳಿಸಿ ಟ್ಯಾಂಕ್ ಖಾಲಿ ಮಾಡಿಟ್ಟರೆ ಈ ತೊಂದರೆಯೇ ಇರುವುದಿಲ್ಲ.

ಷಾಕ್ ಹೊಡೆಯುತ್ತದೆ, ಎಂಸಿಬಿ ಬೀಳುತ್ತದೆ

ನಲ್ಲಿ ಮುಟ್ಟಿದರೆ ಜುಮ್ ಅಂದರೂ ಸಾಕು, ಸ್ನಾನ ನಿಲ್ಲಿಸಿ ಹೊರಗೆ ಬನ್ನಿ. ಹೊರಗಿನಿಂದ ಎಂಸಿಬಿ ಇಳಿಸಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಮಕ್ಕಳನ್ನು ಬಚ್ಚಲಿಗೆ ಬಿಡಬೇಡಿ. ಇದು ನೀವೇ ಪರೀಕ್ಷೆ ಮಾಡುವ ವಿಷಯ ಅಲ್ಲ.

ಸಾಮಾನ್ಯವಾಗಿ ಆಗುವುದು ಇಷ್ಟು: ಕಾಯಿಲ್ ಸೀಳಿ ಕರೆಂಟ್ ನೀರಿಗೆ ಇಳಿಯುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಹರಿದು ಎಂಸಿಬಿ, ಅಥವಾ ಕರೆಂಟ್ ಸೋರಿದ ಕೂಡಲೇ ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಸರಿ ಇಲ್ಲದಿದ್ದರೆ ನಿಮ್ಮ ಮೈ ಮೂಲಕ ಹರಿಯುತ್ತದೆ. ಅಂದರೆ ಷಾಕ್ ಹೊಡೆಯುವ ಮನೆಯಲ್ಲಿ ತೊಂದರೆ ಎರಡು. ಕಾಯಿಲ್ ಬದಲಿಸಿ ಅರ್ಥಿಂಗ್ ಹಾಗೇ ಬಿಟ್ಟರೆ ಅರ್ಧ ಕೆಲಸ ಆದಂತೆ. ನಮ್ಮ ಕಡೆ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ, ಅರ್ಥಿಂಗ್ ಗುಂಡಿಯೂ ಅದರ ಜೊತೆ ಒಣಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ. ಮನೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಗೀಸರಿಗಿಂತ ಮೊದಲು ಅದಕ್ಕೆ ಖರ್ಚು ಮಾಡಿ. ಗೀಸರ್ ಹೊಸದಿದ್ದರೂ ನೀರಿಗೆ ಕೈಹಾಕುವ ಮೊದಲು ಸ್ವಿಚ್ ಆಫ್ ಮಾಡುವ ರೂಢಿ ಇರಲಿ.

ನಲ್ಲಿಯಿಂದ ಹಬೆ ಬರುವಷ್ಟು ನೀರು ಕುದಿಯುತ್ತಿದ್ದರೂ ಹೀಗೇ. ಎಂಸಿಬಿ ಇಳಿಸಿ, ತಾನಾಗಿ ಆರಲು ಬಿಡಿ. ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಸೋತಿವೆ. ಎರಡನ್ನೂ ಬದಲಿಸುವವರೆಗೆ ಗೀಸರ್ ಮುಟ್ಟಬೇಡಿ.

ಗ್ಯಾಸ್ ಗೀಸರ್, ಸೋಲಾರ್ ಇರುವವರಿಗೆ

ಗ್ಯಾಸ್ ಗೀಸರ್ ಹತ್ತದಿದ್ದರೆ ಮೊದಲು ಸೆಲ್ ಬದಲಿಸಿ. ಆಮೇಲೆ ನೀರಿನ ಒತ್ತಡ ನೋಡಿ, ನೀರು ಸಣ್ಣಗೆ ಬಂದರೆ ಅದು ಹತ್ತುವುದೇ ಇಲ್ಲ. ಉರಿ ನೀಲಿ ಇರಬೇಕು. ಹಳದಿ ಉರಿ, ಗೋಡೆಗೆ ಮಸಿ ಕಂಡರೆ ತಕ್ಷಣ ನಿಲ್ಲಿಸಿ. ಸರಿಯಾಗಿ ಉರಿಯದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲಲ್ಲಿ ಜೀವ ತೆಗೆಯುತ್ತದೆ. ಸ್ನಾನ ಮಾಡುವಾಗ ತಲೆ ನೋವು, ತಲೆ ಸುತ್ತು ಬಂದರೆ ಬಾಗಿಲು ತೆಗೆದು ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಬಚ್ಚಲ ಒಳಗೆ ಕೂರಿಸಿದ ಗ್ಯಾಸ್ ಗೀಸರ್ ಕೆಟ್ಟರೆ ರಿಪೇರಿ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ಇಲ್ಲವೇ ಬಿಟ್ಟುಬಿಡಿ.

ಗಾಜಿನ ಕೊಳವೆಯ ಸೋಲಾರಿನಲ್ಲಿ ನೀರು ಕಾಯದಿದ್ದರೆ ಮೊದಲು ಧೂಳು ಒರೆಸಿ. ಆಮೇಲೆ ಕೊಳವೆಯ ತುದಿಯ ಬೆಳ್ಳಿ ಬಣ್ಣ ನೋಡಿ. ಅದು ಹಾಲಿನ ಬಿಳುಪಿಗೆ ತಿರುಗಿದ್ದರೆ ಆ ಕೊಳವೆಯೊಳಕ್ಕೆ ಗಾಳಿ ಹೊಕ್ಕಿದೆ, ಅದೊಂದನ್ನೇ ಬದಲಿಸಿದರೆ ಸಾಕು. ಖಾಲಿಯಾದ ಸೋಲಾರಿಗೆ ಮಧ್ಯಾಹ್ನದ ಬಿಸಿಲಲ್ಲಿ ತಣ್ಣೀರು ಬಿಡಬೇಡಿ, ಕಾದ ಗಾಜು ಒಡೆಯುತ್ತದೆ. ಸೂರ್ಯ ಹುಟ್ಟುವ ಮೊದಲು ತುಂಬಿಸಿ.

ಲೆಕ್ಕ ಹಾಕುವಾಗ

ಟ್ಯಾಂಕ್ ಗಟ್ಟಿ ಇದ್ದು, ರಿಪೇರಿ ಖರ್ಚು ಹೊಸದರ ಮೂರನೇ ಒಂದು ಭಾಗದೊಳಗೆ ಇದ್ದರೆ ನಾನು ಯೋಚನೆ ಮಾಡದೆ ರಿಪೇರಿ ಅನ್ನುತ್ತೇನೆ. ಅರ್ಧ ದಾಟಿದರೆ, ಅದರ ಮೇಲೆ ಗೀಸರಿಗೆ ಎಂಟು ಹತ್ತು ವರ್ಷ ಆಗಿದ್ದರೆ, ಬಿಡಿಭಾಗ ಸಿಗಲು ಹೈದರಾಬಾದಿಗೋ ಹುಬ್ಬಳ್ಳಿಗೋ ಹೇಳಿ ಕಳಿಸಬೇಕಾದರೆ, ಹೊಸದೇ ಒಳ್ಳೆಯದು. ಒಂದೇ ಚಳಿಗಾಲದಲ್ಲಿ ಎರಡು ಬೇರೆ ಬೇರೆ ರಿಪೇರಿ ಬಂದರೂ ಹಾಗೇ.

"ಹಳೇ ಗೀಸರ್ ಕರೆಂಟ್ ಜಾಸ್ತಿ ತಿಂತದ" ಅನ್ನುವ ಮಾತಿಗೆ ಮಾತ್ರ ಬೀಳಬೇಡಿ. ಅದೇ ಒಂದು ಟ್ಯಾಂಕ್ ನೀರು ಕಾಯಿಸಲು ಹಳೆಯದಕ್ಕೂ ಹೊಸದಕ್ಕೂ ಹೆಚ್ಚು ಕಡಿಮೆ ಅಷ್ಟೇ ಕರೆಂಟ್ ಬೇಕು. 15 ಲೀಟರಿಗೆ ಸುಮಾರು 0.6 ಯೂನಿಟ್. ಸ್ಟಾರ್ ಹೆಚ್ಚಿದ್ದರೆ ಕಾದ ನೀರು ಬೇಗ ಆರುವುದಿಲ್ಲ, ಅಷ್ಟೇ. ಇಡೀ ದಿನ ಆನ್ ಇಡುವವರಿಗೆ ಅದು ಉಳಿತಾಯ. ಸ್ನಾನದ ಹೊತ್ತಿಗೆ ಮಾತ್ರ ಹಾಕುವ ಮನೆಗೆ ವ್ಯತ್ಯಾಸ ಸ್ವಲ್ಪವೇ. ಗೃಹಜ್ಯೋತಿಯ 200 ಯೂನಿಟ್ ದಾಟುವ ಭಯ ಇದ್ದರೆ ಗೀಸರ್ ಬದಲಿಸುವುದಕ್ಕಿಂತ ಸ್ವಿಚ್ ಆಫ್ ಮಾಡುವುದರಿಂದ ಹೆಚ್ಚು ಉಳಿಯುತ್ತದೆ.

ಹೊಸದು ತರುವುದೇ ಆದರೆ ಅಂಗಡಿಯಲ್ಲಿ ಮೊದಲು ಹೇಳಬೇಕಾದದ್ದು ನಿಮ್ಮ ನೀರು ಎಂಥದ್ದು ಅನ್ನುವುದನ್ನು. ಸವಳು ನೀರಿಗೆ ಬರೀ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಬೇಡ, ನೀರಿನ ಕ್ಲೋರೈಡ್ ಅದಕ್ಕೂ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಗಾಜಿನ ಲೇಪದ ಟ್ಯಾಂಕ್, ದಪ್ಪ ಮೆಗ್ನೀಸಿಯಂ ರಾಡ್, ಇಂಕಲಾಯ್ (ಸುಲಭಕ್ಕೆ ತುಕ್ಕು ಹಿಡಿಯದ ಮಿಶ್ರಲೋಹ) ಅಥವಾ ಗಾಜಿನ ಲೇಪದ ಕಾಯಿಲ್ ಇರುವುದು ನೋಡಿ. ಐಎಸ್‌ಐ ಗುರುತು ಇರಲೇಬೇಕು. ಮನೆಯಲ್ಲಿ ನದಿ ನೀರಿಗೂ ಬೋರಿಗೂ ಬೇರೆ ಬೇರೆ ಟ್ಯಾಂಕ್ ಇದ್ದರೆ ಗೀಸರಿಗೆ ನದಿ ನೀರಿನ ಪೈಪ್ ಕೊಡಿಸಿ. ಪೆಟ್ಟಿಗೆಯಲ್ಲಿ ಬಂದ ಸೇಫ್ಟಿ ವಾಲ್ವನ್ನು ಕೂರಿಸುವವರು ಮರೆಯದಂತೆ ನೋಡಿಕೊಳ್ಳಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, ಫೋನಿನಲ್ಲಿ ಫೋಟೋ ತೆಗೆದಿಡಿ. ರಾಡ್ ಹಾಕಿದ ತಿಂಗಳು, ವರ್ಷವನ್ನು ಮಾರ್ಕರ್ ಪೆನ್ನಿನಿಂದ ಗೀಸರಿನ ಮೈಮೇಲೇ ಬರೆಯಿರಿ, ಮುಂದೆ ಬರುವ ಮೆಕ್ಯಾನಿಕ್ ಅದನ್ನೇ ಮೊದಲು ಕೇಳುತ್ತಾನೆ.